ದೋಣಿ ನಿಲ್ಲಿಸುವ ಕಿರಣ: ಮೊದಲು ದೂರ ಎಷ್ಟೆಂದು ಕೇಳಿ

ಚಿತ್ರದುರ್ಗದವರು ಕಡಲು ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೂ ಸಮುದ್ರದ ನಡುವೆ ಓಡುತ್ತಿದ್ದ ದೋಣಿಯ ಎಂಜಿನ್ ತಟ್ಟನೆ ಆರಿತು, ಮೇಲೆ ಹಾರುತ್ತಿದ್ದ ಯುದ್ಧ ವಿಮಾನವೇ ಕಣ್ಣಿಗೆ ಕಾಣದ ಕಿರಣ ಬಿಟ್ಟು ಅದನ್ನು ಆರಿಸಿತು ಎಂಬ ಬಗೆಯ ಮಾತು ಇಲ್ಲಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಸುತ್ತುತ್ತದೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ಕೂಡ ಇದನ್ನು ಅರ್ಧ ನಂಬಿ ಅರ್ಧ ಅನುಮಾನಿಸುತ್ತಾರೆ. ಆ ಅನುಮಾನ ಆರೋಗ್ಯಕರ, ಆ ನಂಬಿಕೆಯೂ ಪೂರ್ತಿ ಮೂರ್ಖತನವಲ್ಲ. ವಿದ್ಯುತ್ಕಾಂತೀಯ ಅಸ್ತ್ರ ಎಂಬುದು ಇದೆ. ದೋಣಿಯ ಎಂಜಿನ್ ನಿಲ್ಲಿಸಿದ ಪ್ರಯೋಗವೂ ನಡೆದಿದೆ. ಆದರೆ ಸುದ್ದಿ ಹಬ್ಬಿಸುವವರು ಒಂದೇ ಒಂದು ವಿವರವನ್ನು ಪ್ರತಿ ಸಲವೂ ಬಿಟ್ಟು ಹೇಳುತ್ತಾರೆ: ಎಷ್ಟು ದೂರದಿಂದ?

ನಮ್ಮ ಭಾಗದಲ್ಲಿ ಈ ಕುತೂಹಲ ಹೆಚ್ಚಿರುವುದಕ್ಕೆ ಕಾರಣ ಚಳ್ಳಕೆರೆ ತಾಲ್ಲೂಕಿನಲ್ಲೇ ಇದೆ. ಕುದಾಪುರ, ವರವು ಕಾವಲಿನ ಅಮೃತ ಮಹಲ್ ಹುಲ್ಲುಗಾವಲಿನಲ್ಲಿ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 4,000 ಎಕರೆಗೂ ಮಿಕ್ಕ ಜಾಗದ ಈ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಮಾನವರಹಿತ ವಿಮಾನಗಳ ಹಾರಾಟ ಇಲ್ಲಿ ಮಾಮೂಲು. 2023ರ ಆಗಸ್ಟ್‌ನಲ್ಲಿ ‘ತಪಸ್’ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತು. ಅದಕ್ಕೂ ನಾಲ್ಕು ವರ್ಷ ಹಿಂದೆ ಜೋಡಿಚಿಕ್ಕೇನಹಳ್ಳಿಯಲ್ಲಿ ಅದೇ ಬಗೆಯ ಇನ್ನೊಂದು ಬಿದ್ದಿತ್ತು. ಇಸ್ರೊ ತನ್ನ ‘ಪುಷ್ಪಕ್’ ಎಂಬ ಮರುಬಳಕೆಯ ಬಾಹ್ಯಾಕಾಶ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ಬಿಟ್ಟು, ಅದು ತಾನಾಗಿಯೇ ರನ್‌ವೇಗೆ ಬಂದಿಳಿಯುವಂತೆ 2023 ಮತ್ತು 2024ರಲ್ಲಿ ಮೂರು ಸಲ ಪರೀಕ್ಷಿಸಿದ್ದೂ ಇಲ್ಲಿಯೇ. ತಲೆಯ ಮೇಲೆ ಹೆಸರು ಗೊತ್ತಿಲ್ಲದ ವಿಮಾನ ಸುತ್ತುವುದನ್ನು ಕುರಿ ಮೇಯಿಸುತ್ತಲೇ ನೋಡುವ ಜನರಿಗೆ ಕಿರಣದ ಕಥೆ ಅಸಂಭವ ಅನ್ನಿಸದಿದ್ದರೆ ತಪ್ಪು ಅವರದಲ್ಲ. ಸುಮಾರು 10,000 ಎಕರೆ ಕಾವಲು ಭೂಮಿ ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಕೆಯಾದ ಸಂಗತಿ ಎಷ್ಟೋ ಹಳ್ಳಿಗಳಿಗೆ ತಿಳಿದದ್ದೇ ಗೋಡೆ ಏಳತೊಡಗಿದ ಮೇಲೆ. ಗೋಡೆಯಾಚೆ ಏನು ನಡೆಯುತ್ತದೆಂದು ಹೇಳುವವರಿಲ್ಲದಿದ್ದರೆ ಜನ ತಾವೇ ಹೇಳಿಕೊಳ್ಳುತ್ತಾರೆ.

ಇದೇ ವಲಯದಲ್ಲಿ 2017ರಲ್ಲಿ ನಡೆದ ಒಂದು ಪರೀಕ್ಷೆ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಟ್ರಕ್ಕಿನ ಮೇಲೆ ಕೂರಿಸಿದ 1 ಕಿಲೋವಾಟ್ ಲೇಸರ್ 250 ಮೀಟರ್ ದೂರದ ಲೋಹದ ತಗಡಿಗೆ ತೂತು ಕೊರೆಯಿತು. ಅದಕ್ಕೆ ಬೇಕಾದ ಸಮಯ 36 ಸೆಕೆಂಡು ಎಂದು ಆಗ ವರದಿಯಾಗಿತ್ತು. 36 ಸೆಕೆಂಡು ಗುರಿ ಅಲುಗಾಡದೆ ನಿಂತಿರಬೇಕು, ಇಲ್ಲವೇ ಲೇಸರ್ ಒಂದೇ ಚುಕ್ಕೆಯನ್ನು ಬಿಡದೆ ಹಿಡಿದಿರಬೇಕು. ಅಲೆಯ ಮೇಲೆ ಎದ್ದು ಬೀಳುವ ದೋಣಿಯ ವಿಷಯದಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಕೆಲಸ ಮುಂದುವರಿದಿದೆ. 2025ರ ಏಪ್ರಿಲ್‌ನಲ್ಲಿ ಪಕ್ಕದ ಕರ್ನೂಲಿನಲ್ಲಿ 30 ಕಿಲೋವಾಟ್ ದರ್ಜೆಯ ಲೇಸರ್ ಮಾನವರಹಿತ ವಿಮಾನವೊಂದನ್ನು ಹೊಡೆದುರುಳಿಸಿತು. ಅಮೆರಿಕದ ‘ಪೋನ್ಸ್’ ನೌಕೆಯ ಮೇಲಿನ ಲೇಸರ್ 2014ರಲ್ಲೇ ಪರ್ಷಿಯನ್ ಕೊಲ್ಲಿಯಲ್ಲಿ ಸಣ್ಣ ದೋಣಿಯ ಮೇಲಿಟ್ಟ ಗುರಿಯನ್ನು ಸುಟ್ಟಿತ್ತು. ಅದನ್ನು ಹೊತ್ತಿದ್ದದ್ದು ಹಡಗು, ವಿಮಾನವಲ್ಲ. ಹಡಗಿಗೆ ತೂಕದ ಚಿಂತೆಯೂ ಕಡಿಮೆ, ವಿದ್ಯುತ್ತಿನ ಚಿಂತೆಯೂ ಕಡಿಮೆ.

ಸುದ್ದಿಯಲ್ಲಿ ಸುತ್ತುವ ‘ಕಿರಣ’ ಮಾತ್ರ ಸುಡುವಂಥದ್ದಲ್ಲ. ಅದು ಹೊಗೆಯಿಲ್ಲದೆ, ಸದ್ದಿಲ್ಲದೆ ಎಂಜಿನ್ ಆರಿಸುವಂಥದ್ದು. ತಾಂತ್ರಿಕವಾಗಿ ಅದು ಪ್ರಬಲ ಮೈಕ್ರೋವೇವ್ ಮಿಡಿತ. ಇದರ ಕೆಲಸ ಅರ್ಥವಾಗಲು ಒಂದು ಲೆಕ್ಕ ಮಾಡೋಣ.

100 ಮೆಗಾವಾಟ್ ಶಿಖರ ಸಾಮರ್ಥ್ಯದ ಯಂತ್ರವೊಂದು ವಿಮಾನದೊಳಗೆ ಇದೆ ಎಂದುಕೊಳ್ಳಿ. ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 1,035 ಮೆಗಾವಾಟ್. ಅದರ ಸುಮಾರು ಹತ್ತನೇ ಒಂದು ಭಾಗ. ಕೇಳಲು ಭಯಂಕರ. ಆದರೆ ಮಿಡಿತ ಇರುವುದು ಒಂದು ಮೈಕ್ರೋಸೆಕೆಂಡು ಮಾತ್ರ, ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. ಅದರಲ್ಲಿ ಹೊರಬೀಳುವ ಶಕ್ತಿ 100 ಜೂಲ್, 10 ಕಿಲೋ ಜೋಳದ ಚೀಲವನ್ನು ಒಂದು ಮೀಟರ್ ಎತ್ತುವಷ್ಟು. ಅದು ದೋಣಿಯನ್ನು ಒಡೆಯುವುದೂ ಇಲ್ಲ, ಎಂಜಿನ್ ಕರಗಿಸುವುದೂ ಇಲ್ಲ. ಎಂಜಿನ್ ನಿಯಂತ್ರಿಸುವ ಇಲೆಕ್ಟ್ರಾನಿಕ್ ಪೆಟ್ಟಿಗೆಯ ತಂತಿಗಳಲ್ಲಿ ಇರಬಾರದ ವೋಲ್ಟೇಜ್ ಹುಟ್ಟಿಸಿ, ಅದು ಗಲಿಬಿಲಿಗೊಂಡು ಸ್ತಬ್ಧವಾಗುವಂತೆ ಮಾಡುವುದಷ್ಟೇ ಅದರ ಉದ್ದೇಶ. ಮಿಡಿತದ ಬಲವನ್ನು ಅಳೆಯುವುದು ಮೀಟರಿಗೆ ಇಷ್ಟು ವೋಲ್ಟ್ ಎಂದು. ಆಂಟೆನಾ ಆ ಶಕ್ತಿಯನ್ನು ಒಂದೇ ದಿಕ್ಕಿಗೆ ಸಾವಿರ ಪಟ್ಟು ಕೇಂದ್ರೀಕರಿಸುತ್ತದೆ ಎಂದಿಟ್ಟುಕೊಂಡರೆ, 100 ಮೀಟರ್ ದೂರದಲ್ಲಿ ಬಲ ಸುಮಾರು 17,000 ವೋಲ್ಟ್. ಬಹುತೇಕ ಎಂಜಿನ್ ಇಲೆಕ್ಟ್ರಾನಿಕ್ಸ್ ಅದರ ಮುಂದೆ ತಡೆದು ನಿಲ್ಲಲಾರದು. 10 ಕಿಲೋಮೀಟರ್ ದೂರದಲ್ಲಿ ಅದೇ ಮಿಡಿತದ ಬಲ 170 ವೋಲ್ಟ್‌ನ ಆಸುಪಾಸಿಗೆ ಇಳಿದಿರುತ್ತದೆ. ರಸ್ತೆಯ ಮೇಲಿನ ಮಾಮೂಲಿ ಕಾರಿನ ಇಲೆಕ್ಟ್ರಾನಿಕ್ ಭಾಗಗಳನ್ನು ಮಾರುಕಟ್ಟೆಗೆ ಬಿಡುವ ಮುನ್ನ ನೂರು, ಇನ್ನೂರು ವೋಲ್ಟ್ ಬಲದ ಅಲೆಗೇ ಒಡ್ಡಿ ಪರೀಕ್ಷಿಸುತ್ತಾರೆ. ಎಂದರೆ ಅಷ್ಟು ದೂರದ ಹೊಡೆತವನ್ನು ಒಳ್ಳೆಯ ಎಂಜಿನ್ ಗಮನಿಸದೆಯೂ ಇರಬಹುದು.

ಸಾವಿರ ಪಟ್ಟು ಕೇಂದ್ರೀಕರಿಸುವ ಆಂಟೆನಾ ಎಂದೆ. 1.3 ಗಿಗಾಹರ್ಟ್ಸ್ ಆವರ್ತನಕ್ಕೆ ಅದು ಸರಿಸುಮಾರು 3 ಮೀಟರ್ ಅಗಲದ ತಟ್ಟೆಯಾಗುತ್ತದೆ. ಯುದ್ಧ ವಿಮಾನದ ಮೂತಿಯಲ್ಲಿ ಅಷ್ಟು ಜಾಗವಿಲ್ಲ. ಇನ್ನು ಹೊರಟ ಅಲೆಯ ಅಗಲ ಐದಾರು ಡಿಗ್ರಿ ಇರುವುದರಿಂದ 10 ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಅದು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಹರಡಿರುತ್ತದೆ. ಕಳ್ಳಸಾಗಣೆಯ ದೋಣಿಯೊಂದನ್ನೇ ಹೆಕ್ಕಿ ಹೊಡೆಯುವ ಮಾತು ಇಲ್ಲಿಗೆ ಮುಗಿಯಿತು. ಸುತ್ತಲಿನ ಮೀನುಗಾರರ ಬೋಟುಗಳೂ ಅದೇ ಅಲೆಯಲ್ಲಿ ಇರುತ್ತವೆ. ಜೊತೆಗೆ ಇಂಥ ಯಂತ್ರವನ್ನು ಹೊತ್ತ ವಿಮಾನ ಮೊದಲು ತನ್ನ ಕಂಪ್ಯೂಟರುಗಳನ್ನೇ ಕಾಪಾಡಿಕೊಳ್ಳಬೇಕು.

ಹತ್ತಿರದಿಂದ ಹೊಡೆದರೆ ಈ ತೊಡಕುಗಳು ಬಹುಪಾಲು ಕರಗುತ್ತವೆ. ಈವರೆಗೆ ಬಹಿರಂಗವಾಗಿರುವ ಪ್ರಯೋಗಗಳ ದೂರ ನೋಡಿದರೆ ಇದು ಸ್ಪಷ್ಟ. ಬ್ರಿಟನ್ನಿನ ಇ2ವಿ ಕಂಪನಿ 2013ರಲ್ಲಿ ತೋರಿಸಿದ ‘ಆರ್‌ಎಫ್ ಸೇಫ್ ಸ್ಟಾಪ್’ ಸಾಧನ ಕಾರು ಮತ್ತು ದೋಣಿಯ ಎಂಜಿನ್ ನಿಲ್ಲಿಸಲು ಮಾಡಿದ್ದೇ; ಅದರ ವ್ಯಾಪ್ತಿ ಸುಮಾರು 50 ಮೀಟರ್. 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ವಾಯುಪಡೆ ಮತ್ತು ಬೋಯಿಂಗ್ ಯೂಟಾ ಮರುಭೂಮಿಯಲ್ಲಿ ಪರೀಕ್ಷಿಸಿದ, ಮೈಕ್ರೋವೇವ್ ಬಿಡುವ ‘ಚಾಂಪ್’ ಕ್ಷಿಪಣಿ ಕಟ್ಟಡಗಳೊಳಗಿನ ಕಂಪ್ಯೂಟರುಗಳನ್ನು ಆರಿಸಿತು, ಚಿತ್ರೀಕರಣಕ್ಕಿಟ್ಟಿದ್ದ ಕ್ಯಾಮೆರಾಗಳು ಕೂಡ ಸತ್ತವು. ಆದರೆ ಅದು ದೂರದಲ್ಲಿ ನಿಂತು ಹೊಡೆಯಲಿಲ್ಲ, ಒಂದೊಂದು ಗುರಿಯ ಬಳಿಗೂ ಹಾರಿ ಹೋಗಿ ಹೊಡೆಯಿತು. 2024ರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗವೊಂದರಲ್ಲಿ ತನ್ನ ಮೈಕ್ರೋವೇವ್ ಯಂತ್ರ ಅಂಗಡಿಯಲ್ಲಿ ಸಿಗುವ, ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಮೋಟಾರುಗಳನ್ನು ನಿಲ್ಲಿಸಿತೆಂದು ಎಪಿರಸ್ ಕಂಪನಿ ಪ್ರಕಟಿಸಿತು. ಮಾರುವವನ ಹೇಳಿಕೆ ಎಂಬ ಎಚ್ಚರ ಇಟ್ಟುಕೊಂಡೇ ಓದಬೇಕು. ಆದರೂ ನಂಬಲಾಗದ್ದೇನೂ ಅದರಲ್ಲಿಲ್ಲ. ಔಟ್‌ಬೋರ್ಡ್ ಮೋಟಾರಿನ ತಲೆ ನೀರಿನ ಮೇಲೆ ಇರುತ್ತದೆ, ಅದರ ಕವಚ ಬಹುತೇಕ ಪ್ಲಾಸ್ಟಿಕ್, ಕಿಡಿ ಹೊತ್ತಿಸುವುದು ಇಲೆಕ್ಟ್ರಾನಿಕ್ಸ್.

ಎಲ್ಲ ಎಂಜಿನ್ನುಗಳೂ ಹಾಗಲ್ಲ ಎಂಬುದು ನಮ್ಮ ಕಡೆಯ ರೈತರಿಗೆ ಚೆನ್ನಾಗಿ ಗೊತ್ತು. ಕರೆಂಟು ಬರುವ ಮುಂಚೆ ಬಾವಿಯ ದಂಡೆಯಲ್ಲಿ ಇರುತ್ತಿದ್ದ ಆಯಿಲ್ ಎಂಜಿನ್ನಿಗೆ ಬ್ಯಾಟರಿಯೇ ಇರಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿದರೆ ಸಾಕಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೊತ್ತುವುದು ಒತ್ತಡದ ಶಾಖಕ್ಕೆ, ಕಿಡಿಗಲ್ಲ. ಇಂಧನ ಪಂಪ್ ಕೂಡ ಗೇರಿನಿಂದ ನಡೆಯುವಂಥದ್ದಾದರೆ, ಒಮ್ಮೆ ಶುರುವಾದ ಎಂಜಿನ್ನಿಗೆ ಓಡಲು ಒಂದು ತೊಟ್ಟು ವಿದ್ಯುತ್ತೂ ಬೇಡ. ನಮ್ಮ ಕರಾವಳಿಯ ಹಳೆಯ ಟ್ರಾಲ್ ಬೋಟುಗಳಲ್ಲಿ ಇರುವುದು ಈ ಜಾತಿಯ ಎಂಜಿನ್ನೇ. ಎಷ್ಟೇ ಪ್ರಬಲ ಮೈಕ್ರೋವೇವ್ ಹಾಯಿಸಿದರೂ ಅದು ಗುಡುಗುಡು ಎನ್ನುತ್ತಲೇ ಇರುತ್ತದೆ. ಕಾಮನ್ ರೈಲ್ ತಂತ್ರದ ಹೊಸ ಡೀಸೆಲ್ ಎಂಜಿನ್ನುಗಳ ಮಾತು ಬೇರೆ, ಅವುಗಳಿಗೆ ಕಂಪ್ಯೂಟರ್ ಬೇಕು. ದೋಣಿ ಹಳತಾದಷ್ಟೂ ಈ ಅಸ್ತ್ರಕ್ಕೆ ಬಗ್ಗುವುದಿಲ್ಲ ಎಂಬುದು ಇದರ ದೊಡ್ಡ ವ್ಯಂಗ್ಯ.

ಹಾಗಾದರೆ ವಿಮಾನವೊಂದು ಯುದ್ಧನೌಕೆಯನ್ನೇ ಕುರುಡಾಗಿಸಿದ ಕಥೆ? ಈ ವಿಷಯ ಎತ್ತಿದ ಕಡೆಯಲ್ಲೆಲ್ಲ ಯಾರಾದರೂ ಅದನ್ನು ತಂದೇ ತರುತ್ತಾರೆ. 2014ರ ಏಪ್ರಿಲ್ 12ರಂದು, ಕ್ರೈಮಿಯಾ ಬಿಕ್ಕಟ್ಟಿನ ಕಾವಿನಲ್ಲಿ, ಕಪ್ಪು ಸಮುದ್ರದಲ್ಲಿದ್ದ ಅಮೆರಿಕದ ‘ಡೊನಾಲ್ಡ್ ಕುಕ್’ ನೌಕೆಯ ಸಮೀಪ ರಷ್ಯಾದ ಸುಖೋಯ್-24 ವಿಮಾನ ಸುಮಾರು 90 ನಿಮಿಷಗಳಲ್ಲಿ 12 ಸಲ ಹಾದುಹೋಯಿತು. ಇಷ್ಟು ನಿಜ, ಅಮೆರಿಕವೇ ಹೇಳಿದ್ದು. ಇದರ ಮೇಲೆ ಬೆಳೆದ ಕಥೆ ಏನೆಂದರೆ, ವಿಮಾನದಲ್ಲಿದ್ದ ‘ಖಿಬಿನಿ’ ಎಂಬ ರೇಡಾರ್ ಕೆಡಿಸುವ ಸಾಧನ ನೌಕೆಯ ಏಜಿಸ್ ರೇಡಾರ್ ವ್ಯವಸ್ಥೆಯನ್ನು ಪೂರ್ತಿ ಆರಿಸಿತು, ನೌಕೆ ದಿಕ್ಕೆಟ್ಟು ರುಮೇನಿಯಾದ ಬಂದರಿಗೆ ಓಡಿತು, 27 ನಾವಿಕರು ಹೆದರಿ ರಾಜೀನಾಮೆ ಕೊಟ್ಟರು. 27 ಎಂಬ ಸಂಖ್ಯೆಯ ಕಲೆಗಾರಿಕೆ ನೋಡಿ. 25 ಅಥವಾ 30 ಎಂದಿದ್ದರೆ ಇಷ್ಟು ಜನ ನಂಬುತ್ತಿರಲಿಲ್ಲ. 2017ರಲ್ಲಿ ರಷ್ಯಾದ ಸರ್ಕಾರಿ ಟಿವಿ ಇದನ್ನು ಮತ್ತೆ ಬಿತ್ತರಿಸಿತು, ಪಾಶ್ಚಾತ್ಯ ಮಾಧ್ಯಮಗಳೂ ಕೆಲವು ಅದನ್ನೇ ಮತ್ತೆ ಹೇಳಿದವು. ಕೊನೆಗೆ ಅಲ್ಲಗಳೆದವರು ಯಾರು? ಖಿಬಿನಿ ತಯಾರಿಸುವ ರಷ್ಯಾದ ಕೆಆರ್‌ಇಟಿ ಸಂಸ್ಥೆಯೇ. ಆ ಸಾಧನವನ್ನು ಸುಖೋಯ್-24ಕ್ಕೆ ಅಳವಡಿಸುವುದೇ ಇಲ್ಲ, ಈ ಕಥೆ ಪತ್ರಿಕೆಯವರ ಸೃಷ್ಟಿ ಎಂದು ಅದು ತಿಳಿಸಿತು. ತನ್ನ ಸರಕಿಗೆ ಪುಕ್ಕಟೆ ಪ್ರಚಾರ ಸಿಗುತ್ತಿದ್ದರೂ ತಯಾರಕನೇ ಬೇಡವೆಂದ ಮೇಲೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಲ್ಲಗಳೆದ ಮಾತಿಗೆ ಕಥೆಯಷ್ಟು ಕಾಲು ಇರುವುದಿಲ್ಲ.

ನಮ್ಮಲ್ಲಿ ಇದೇ ಪಾತ್ರ ವಹಿಸುವುದು ‘ಕಾಳಿ’. ಭಾಭಾ ಅಣು ಸಂಶೋಧನಾ ಕೇಂದ್ರ 1980ರ ದಶಕದಿಂದ ಬೆಳೆಸಿದ ಇಲೆಕ್ಟ್ರಾನ್ ವೇಗವರ್ಧಕ ಅದು. ಪ್ರಬಲ ಇಲೆಕ್ಟ್ರಾನ್ ಧಾರೆ ಹುಟ್ಟಿಸಿ, ಅದನ್ನು ಎಕ್ಸ್ ಕಿರಣವಾಗಿಯೋ ಮೈಕ್ರೋವೇವ್ ಆಗಿಯೋ ಮಾರ್ಪಡಿಸಿ, ನಮ್ಮದೇ ಉಪಕರಣಗಳು ಇಂಥ ಹೊಡೆತಕ್ಕೆ ತಾಳುತ್ತವೆಯೇ ಎಂದು ನೋಡುವುದಕ್ಕೆ ಅದು ಉಪಯುಕ್ತ. ಟನ್‌ಗಟ್ಟಲೆ ತೂಗುವ ಪ್ರಯೋಗಾಲಯದ ಯಂತ್ರ. ಆದರೆ 2012ರ ಏಪ್ರಿಲ್‌ನಲ್ಲಿ ಸಿಯಾಚಿನ್ ಬಳಿಯ ಗಯಾರಿಯಲ್ಲಿ ಹಿಮ ಕುಸಿದು ಪಾಕಿಸ್ತಾನದ 140 ಮಂದಿ ಸತ್ತಾಗ, ಅದನ್ನು ಭಾರತವೇ ಕಾಳಿ ಕಿರಣದಿಂದ ಕರಗಿಸಿ ಬೀಳಿಸಿತು ಎಂಬ ಸುದ್ದಿ ಎರಡೂ ದೇಶಗಳಲ್ಲಿ ಹಬ್ಬಿತು. ಅಲ್ಲಿನವರಿಗೆ ಅದು ದೂರು, ಇಲ್ಲಿನವರಿಗೆ ಹೆಮ್ಮೆ. ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಇದೇ ಅಣು ಸಂಶೋಧನಾ ಕೇಂದ್ರಕ್ಕೂ ಜಮೀನು ಸಿಕ್ಕಿರುವುದರಿಂದ ನಮ್ಮ ಜಿಲ್ಲೆಯ ಹರಟೆಯಲ್ಲಿ ಕಾಳಿಯ ಹೆಸರು ಬಂದರೆ ಅಚ್ಚರಿಯಿಲ್ಲ. ಅದೇ ಲೆಕ್ಕವನ್ನು ಇಲ್ಲಿಯೂ ಕೇಳಬೇಕು: ಯಂತ್ರ ಎಲ್ಲಿತ್ತು, ಗುರಿ ಎಷ್ಟು ದೂರವಿತ್ತು?

ದೂರದಿಂದಲೇ ದೊಡ್ಡ ಹಾನಿ ಮಾಡಿದ ವಿದ್ಯುತ್ಕಾಂತೀಯ ಮಿಡಿತ ಚರಿತ್ರೆಯಲ್ಲಿ ಇಲ್ಲವೇ ಇಲ್ಲವೆ? ಇದೆ. 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ 1.4 ಮೆಗಾಟನ್ ಅಣುಬಾಂಬ್ ಸಿಡಿಸಿದಾಗ, 1,400 ಕಿಲೋಮೀಟರಿಗೂ ಆಚೆ ಇದ್ದ ಹವಾಯಿಯಲ್ಲಿ ಸುಮಾರು 300 ಬೀದಿದೀಪ ಆರಿದವು. ಅಷ್ಟಕ್ಕೆ ಅಣುಬಾಂಬೇ ಬೇಕಾಯಿತು. ಒಂದು ದೋಣಿ ನಿಲ್ಲಿಸಲು ಯಾರೂ ಆ ದಾರಿ ಹಿಡಿಯಲಾರರು.

ನಿಜವಾಗಿ ದೋಣಿಗಳನ್ನು ನಿಲ್ಲಿಸುವ ವಿಧಾನಗಳು ಕೇಳಲು ಸಪ್ಪೆ. ಅಮೆರಿಕದ ಕರಾವಳಿ ಕಾವಲು ಪಡೆಯ ‘ಹಿಟ್ರಾನ್’ ಎಂಬ ಹೆಲಿಕಾಪ್ಟರ್ ತಂಡ 1990ರ ದಶಕದ ಕೊನೆಯಿಂದ ಇದನ್ನೇ ಕಸುಬಾಗಿ ಮಾಡಿಕೊಂಡಿದೆ. ಹೆಲಿಕಾಪ್ಟರ್ ದೋಣಿಯ ಪಕ್ಕಕ್ಕೆ ಬರುತ್ತದೆ, ನಿಲ್ಲಲು ಸೂಚಿಸುತ್ತದೆ, ಕೇಳದಿದ್ದರೆ ಮುಂದಿನ ನೀರಿಗೆ ಗುಂಡು ಹಾರಿಸುತ್ತದೆ, ಅದಕ್ಕೂ ಬಗ್ಗದಿದ್ದರೆ ಗುರಿಕಾರ ದೊಡ್ಡ ರೈಫಲ್ಲಿನಿಂದ ನೇರವಾಗಿ ಮೋಟಾರಿಗೆ ಹೊಡೆಯುತ್ತಾನೆ. ಮೈಕ್ರೋವೇವ್ ಅಸ್ತ್ರ ಕೆಲಸ ಮಾಡುವಷ್ಟು ಹತ್ತಿರಕ್ಕೆ ಬಂದ ಮೇಲೆ ಒಂದು ಗುಂಡೇ ಸಾಕು, ಅಗ್ಗವೂ ಹೌದು. ಇನ್ನೊಂದು ವಿಧಾನ ಓಡುವ ದೋಣಿಯ ಮುಂದೆ ಹಗ್ಗದ ಜಾಲ ಚೆಲ್ಲುವುದು. ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ದೋಣಿ ನಿಂತಿತು. ಬಲೆ ಪ್ರೊಪೆಲ್ಲರಿಗೆ ಸಿಕ್ಕಿ ನಡುನೀರಿನಲ್ಲಿ ನಿಂತ ಅನುಭವವಿರುವ ಮಲ್ಪೆಯ ಮೀನುಗಾರರಿಗೆ ಇದನ್ನು ಯಾವ ಸೇನಾ ತಜ್ಞರೂ ವಿವರಿಸಬೇಕಿಲ್ಲ.

ವಿಮಾನಗಳ ಪಾತ್ರಕ್ಕೆ ನಮ್ಮದೇ ನೌಕಾಪಡೆಯ ಉದಾಹರಣೆ ಒಳ್ಳೆಯದಿದೆ. 2023ರ ಡಿಸೆಂಬರ್‌ನಲ್ಲಿ ಸೊಮಾಲಿಯಾದ ಕಡಲ್ಗಳ್ಳರು ಅಪಹರಿಸಿದ್ದ ‘ರುಯೆನ್’ ಎಂಬ ಸರಕು ಹಡಗನ್ನು 2024ರ ಮಾರ್ಚ್ ಮಧ್ಯದಲ್ಲಿ, ನಮ್ಮ ಕರಾವಳಿಯಿಂದ ಸುಮಾರು 2,600 ಕಿಲೋಮೀಟರ್ ಆಚೆ ತಡೆಯಲಾಯಿತು. ಪಿ-8ಐ ವಿಮಾನ ಕಣ್ಣಿಟ್ಟಿತ್ತು, ಸಿ-17 ವಿಮಾನ ಮಾರ್ಕೋಸ್ ಕಮಾಂಡೊಗಳನ್ನೂ ಅವರ ದೋಣಿಗಳನ್ನೂ ಸಮುದ್ರಕ್ಕೆ ಇಳಿಸಿತು. ಹಡಗಿನ ಚುಕ್ಕಾಣಿಯನ್ನೂ ದಿಕ್ಕು ತೋರುವ ಉಪಕರಣಗಳನ್ನೂ ಕೆಡಿಸಿ ಅದನ್ನು ನಿಲ್ಲಿಸಿದ್ದು ಮಾತ್ರ ಐಎನ್‌ಎಸ್ ಕೋಲ್ಕತ್ತ ನೌಕೆ. ಸುಮಾರು 40 ಗಂಟೆಗಳ ಕಾರ್ಯಾಚರಣೆಯ ಬಳಿಕ 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಪಾರಾದರು. ಕೆರಿಬಿಯನ್ ಸಮುದ್ರದಲ್ಲಿ 2025ರ ಸೆಪ್ಟೆಂಬರ್ 2ರಂದು ಅಮೆರಿಕ ಹಿಡಿದ ದಾರಿ ಬೇರೆ: ಮಾದಕವಸ್ತು ಸಾಗಿಸುತ್ತಿತ್ತೆಂದು ಹೇಳಿ ದೋಣಿಯೊಂದನ್ನು ಸ್ಫೋಟಿಸಿ 11 ಜನರನ್ನು ಕೊಂದಿತು, ಅಧ್ಯಕ್ಷರೇ ಅದರ ವಿಡಿಯೊ ಹಂಚಿದರು. ಸದ್ದಿಲ್ಲದೆ ಎಂಜಿನ್ ಆರಿಸುವ ಕಿರಣ ವಿಮಾನಗಳಲ್ಲಿ ಸಿದ್ಧವಾಗಿ ಕೂತಿದ್ದರೆ ಸರಕನ್ನೂ ಆರೋಪಿಗಳನ್ನೂ ಜೀವಂತ ಹಿಡಿದು ತೋರಿಸುವ ಅವಕಾಶ ಬಿಡುತ್ತಿದ್ದರೇ? ಬಿಡಲೂಬಹುದು, ಅದು ರಾಜಕೀಯದ ಪ್ರಶ್ನೆ. ಆದರೆ ಕಿರಣ ಇತ್ತೆನ್ನುವುದಕ್ಕೆ ಆ ಘಟನೆ ಸಾಕ್ಷಿಯಾಗಲಾರದು.

ಎಂಜಿನ್ನಿನ ವಿಷಯ ಬಿಟ್ಟು ದೋಣಿಯ ಕಣ್ಣು, ಕಿವಿಗಳ ಕಡೆ ಬಂದರೆ ಚಿತ್ರ ಬದಲಾಗುತ್ತದೆ. ದೂರದಿಂದ ವಿದ್ಯುತ್ಕಾಂತೀಯ ಅಲೆ ನಿಜಕ್ಕೂ ಹೊಡೆಯುವುದು ಇಲ್ಲಿ. ಜಿಪಿಎಸ್ ಉಪಗ್ರಹಗಳು ಇರುವುದು 20,000 ಕಿಲೋಮೀಟರ್ ಎತ್ತರದಲ್ಲಿ. ಅವುಗಳ ಸಂಕೇತ ನೆಲ ಮುಟ್ಟುವಾಗ ಇನ್ನಿಲ್ಲದಷ್ಟು ಕ್ಷೀಣವಾಗಿರುತ್ತದೆ. ಅದನ್ನು ಮುಚ್ಚಿಹಾಕಲು ಮೆಗಾವಾಟುಗಳು ಬೇಡ, ಕೆಲವೇ ವಾಟ್ ಸಾಕು. ಮುಚ್ಚುವುದಕ್ಕಿಂತ ಅಪಾಯದ್ದು ಸುಳ್ಳು ಸಂಕೇತ ಕಳಿಸಿ ದಾರಿ ತಪ್ಪಿಸುವುದು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದ 20ಕ್ಕೂ ಹೆಚ್ಚು ಹಡಗುಗಳ ಉಪಕರಣ, ನೀವು ರಷ್ಯಾದ ಗೆಲೆಂಜಿಕ್ ವಿಮಾನ ನಿಲ್ದಾಣದಲ್ಲಿ ಇದ್ದೀರಿ ಎಂದು ತೋರಿಸಿತು. 2025ರ ಮೇನಲ್ಲಿ ‘ಎಂಎಸ್‌ಸಿ ಆಂಟೋನಿಯಾ’ ಎಂಬ ಕಂಟೇನರ್ ಹಡಗು ಜೆಡ್ಡಾ ಬಳಿ ದಿಬ್ಬಕ್ಕೆ ಹತ್ತಿ ಕೂತಾಗ ಜಿಪಿಎಸ್ ಅಡ್ಡಿಯೇ ಕಾರಣವಿರಬೇಕೆಂದು ಸಾಗರ ಭದ್ರತೆಯ ವಿಶ್ಲೇಷಕರು ಶಂಕಿಸಿದರು. ಅದರ ಮರುತಿಂಗಳು, ಇಸ್ರೇಲ್-ಇರಾನ್ ಕಾಳಗದ ದಿನಗಳಲ್ಲಿ, ಹೊರ್ಮುಜ್ ಜಲಸಂಧಿಯ ಸುತ್ತ ದಿನಕ್ಕೆ ಸಾವಿರದ ಆಸುಪಾಸು ಹಡಗುಗಳು ಇಂಥ ಅಡ್ಡಿಗೆ ಒಳಗಾಗುತ್ತಿದ್ದವು. ಅದೇ ಸಮಯದಲ್ಲಿ ‘ಫ್ರಂಟ್ ಈಗಲ್’ ಮತ್ತು ‘ಅಡಲಿನ್’ ಎಂಬ ಎರಡು ತೈಲ ಹಡಗುಗಳು ಡಿಕ್ಕಿಯಾಗಿ ಬೆಂಕಿ ಹೊತ್ತಿತು. ಯಾವ ಎಂಜಿನ್ನೂ ಆರಲಿಲ್ಲ. ಆರದೆ ಓಡುತ್ತಲೇ ಇದ್ದುದೇ ಅಪಾಯವಾಯಿತು.

ಹಾಗಾಗಿ ಕಿರಣದ ಚಿಂತೆಯನ್ನು ಬದಿಗಿಟ್ಟು ಕರ್ನಾಟಕದವರು ಕೇಳಬೇಕಾದ ಪ್ರಶ್ನೆ ನಮ್ಮ ಬೋಟುಗಳದ್ದು. 2018ರ ಡಿಸೆಂಬರ್‌ನಲ್ಲಿ ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಕಾಣೆಯಾದಾಗ ತಿಂಗಳುಗಟ್ಟಲೆ ಅಪಹರಣದಿಂದ ಹಿಡಿದು ಏನೇನೋ ಊಹೆ ಹರಿದಾಡಿತು. ಅವಶೇಷವನ್ನು ನೌಕಾಪಡೆ ಪತ್ತೆಮಾಡಿದ್ದು 2019ರ ಮೇನಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದ ತಳದಲ್ಲಿ. ಕೊನೆಯ ಕ್ಷಣದ ಜಾಗ ಗೊತ್ತಿದ್ದಿದ್ದರೆ ಆ ಮನೆಗಳವರು ಅಷ್ಟು ತಿಂಗಳು ಕಾಯಬೇಕಿರಲಿಲ್ಲ. ದೇಶದ ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಇರುವ ಜಾಗ ತಿಳಿಸುವ, ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಕೂರಿಸುವ ಯೋಜನೆ ಈಗ ಜಾರಿಯಲ್ಲಿದೆ. ಒಳ್ಳೆಯ ಕೆಲಸ. ಆದರೆ ಅದೂ ನಿಂತಿರುವುದು ಉಪಗ್ರಹದ ಸಂಕೇತದ ಮೇಲೆ. ಗಡಿ ಸಮೀಪದ ನೀರಿನಲ್ಲಿ ಆ ಸಂಕೇತವನ್ನು ಯಾರಾದರೂ ತಿರುಚಿದರೆ ದೋಣಿ ನಡೆಸುವ ತಾಂಡೇಲನಿಗೆ ಗೊತ್ತಾಗುವುದು ಹೇಗೆ? ದಿಕ್ಸೂಚಿ ಮತ್ತು ನಕ್ಷೆ ನೋಡಿ ದಾರಿ ಹಿಡಿಯುವ ತರಬೇತಿ ಇನ್ನೂ ಕೊಡುತ್ತಿದ್ದೇವೆಯೇ? ಗಡಿ ದಾಟಿದರೆಂಬ ಆರೋಪದಲ್ಲಿ ಗುಜರಾತಿನ ಮೀನುಗಾರರು ಪಾಕಿಸ್ತಾನದ ಜೈಲು ಸೇರುತ್ತಲೇ ಇರುವಾಗ ಇದು ಪುಸ್ತಕದ ಪ್ರಶ್ನೆಯಲ್ಲ.

ಹತ್ತಿರದಿಂದ ಎಂಜಿನ್ ಆರಿಸುವ ಯಂತ್ರ ಇನ್ನು ಕೆಲವು ವರ್ಷಗಳಲ್ಲಿ ಗಸ್ತು ದೋಣಿಗಳ ಮೇಲೆ, ಆಮೇಲೆ ಡ್ರೋನುಗಳ ಮೇಲೆ ಬಂದರೂ ಬಂದೀತು. ‘ಪ್ರಾಣಹಾನಿಯಿಲ್ಲದ ಅಸ್ತ್ರ’ ಎಂಬ ಹೆಸರಿನಲ್ಲಿಯೇ ಬರುತ್ತದೆ. ಗಿನಿ ದೇಶ 1997ರಲ್ಲಿ ‘ಸೈಗಾ’ ಎಂಬ ತೈಲ ಹಡಗನ್ನು ಗುಂಡು ಹಾರಿಸಿ ಹಿಡಿದ ಪ್ರಕರಣದಲ್ಲಿ, ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ 1999ರಲ್ಲಿ ತೀರ್ಪು ಕೊಡುತ್ತಾ, ಮೊದಲು ಕಾಣುವಂತೆ ಅಥವಾ ಕೇಳುವಂತೆ ಸೂಚನೆ ಕೊಡಬೇಕು, ಬಲಪ್ರಯೋಗ ಕೊನೆಯದಾಗಬೇಕು ಎಂದಿತು. ಕಾಣದ, ಕೇಳದ ಅಲೆ ಈ ಕ್ರಮದಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದು ಇನ್ನೂ ತೀರ್ಮಾನವಾಗಬೇಕಾದದ್ದು. ಮುಂಗಾರಿನ ಕಡಲಿನಲ್ಲಿ ಎಂಜಿನ್ ಆರಿದ ದೋಣಿ ಅಲೆಗೆ ಅಡ್ಡ ತಿರುಗಿ ಮಗುಚಬಹುದು. ಆರಿಸಿದವರೇ ಅದರಲ್ಲಿರುವವರನ್ನು ದಡ ಸೇರಿಸಬೇಕೆಂಬ ನಿಯಮ ಮೊದಲು ಬರಬೇಕು, ಯಂತ್ರ ಆಮೇಲೆ.